ಎರಡು ವಾರ ಆದ್ರೂ ಬರೀ ಉಸಿರಾಟನೇನಾ?

ಪ್ರಶ್ನೆ: ಮೇಡಂ, ಪಿಲಾಟಿಸ್ ವ್ಯಾಯಾಮದ ಕ್ಲಾಸಿಗೆ ಸೇರಿ ಎರಡು ವಾರ ಆಯ್ತು, ಇನ್ನೂ ಉಸಿರಾಟನೇ ಹೇಳ್ಕೊಡ್ತಿದ್ದಾರೆ. ನೀವೂ ಹೀಗೇನಾ ಕಲ್ಸೋದು? ಈ ಕೆಲಸಕ್ಕೆ ಯಾಕೆ ಬಂದ್ರಿ?

ಉತ್ತರ: ಹೌದಮ್ಮ, ನಾನೂ ಹಾಗೇನೇ. ಈ ವ್ಯಾಯಾಮ ಪದ್ಧತಿನ ಶುರು ಮಾಡಿದ ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಉಬ್ಬಸದಿಂದ ನರಳಿದವರು, ಉಸಿರಿನ ಬೆಲೆ ಅವರಿಗೆ ಗೊತ್ತಿತ್ತು. 'ಹಂಡ್ರೆಡ್' ವ್ಯಾಯಾಮನೇ ನೋಡಿ, ಅಂಗಾತ ಮಲಗಿ ತಲೆ ಎತ್ತಿ ಕೈ ಆಡಿಸ್ತಾ 5 ಎಣಿಕೆಗೆ ಉಸಿರು ಒಳಗೆ, 5ಕ್ಕೆ ಹೊರಗೆ, ಹೀಗೆ 10 ಸಲ. ಉಸಿರು ಹಿಡಿದ್ರೆ ಕತ್ತು ಬಿಗಿಯುತ್ತೆ ಅಷ್ಟೇ. ಇನ್ನು ಈ ಕೆಲಸಕ್ಕೆ ಬಂದಿದ್ದು ಹೀಗೆ: ನನಗೆ ಎರಡನೇ ಹೆರಿಗೆ ಆದ್ಮೇಲೆ ಮಗು ಎತ್ಕೊಳ್ಳೋಕೂ ಆಗದಷ್ಟು ಸೊಂಟನೋವು, ಆಗ ಕಲ್ಸಿದವರು ಪಕ್ಕೆಲುಬಿನ ಮೇಲೆ ಕೈಯಿಟ್ಟು 'ಇಲ್ಲಿಗೆ ಉಸಿರು ತಗೊಳಿ' ಅಂದ್ರು. ಈಗ ಹೊಸಬರು ಬಂದ್ರೆ ನಾನೂ ಮೊದಲು ಅಲ್ಲೇ ಕೈ ಇಡೋದು.