ಅಪ್ಪ-ಅಜ್ಜನ ಆರ್ಕಿಟೆಕ್ಟ್ ಆಫೀಸಿನ ಚರಿತ್ರೆಗೆ ಪುಸ್ತಕ ಒಳ್ಳೆಯದೋ, ವೆಬ್‌ಸೈಟೋ?

ಹೆಸರಾದ ಐದು ಕಟ್ಟಡ ಆರಿಸಿ ನಿಮ್ಮ ಅಪ್ಪ-ಅಜ್ಜನ ಆಫೀಸಿನ ಚರಿತ್ರೆ ಬರೆಸುತ್ತೇನೆ ಅಂದಿದ್ದೀರಿ. ಜೊತೆಗೆ ಮುಂಬಯಿ ಫೋರ್ಟಿನ ಹಳೆಯ ಆಫೀಸು ಖಾಲಿ ಮಾಡುತ್ತಿದ್ದೇವೆ ಅಂತ ಬರೆದಿದ್ದೀರಲ್ಲ, ಅಲ್ಲೇ ನನ್ನ ಎದೆ ಧಸಕ್ಕೆಂದಿತು. ಪುಸ್ತಕ, ವೆಬ್‌ಸೈಟ್ ಎರಡೂ ಆಮೇಲೆ. ಮೊದಲು ಅಟ್ಟದ ಮೇಲಿನ ನಕ್ಷೆಗಳ ಸುರುಳಿಗೆ ಯಾರೂ ಕೈಹಚ್ಚದ ಹಾಗೆ ನೋಡಿಕೊಳ್ಳಿ.

ನನ್ನಜ್ಜ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಟ್ಟಡದ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಆದವರು. ಅಪ್ಪ ಆರ್ಕಿಟೆಕ್ಟ್ ಆದಮೇಲೆ ಇಬ್ಬರೂ ಸೇರಿ ಆಫೀಸು ತೆರೆದರು. ಮಾಟುಂಗಾ, ಚೆಂಬೂರಿನಲ್ಲಿ ಸೊಸೈಟಿ ಕಟ್ಟಡಗಳು. ಮೂರನೇ ತಲೆಮಾರು ನಾನು.

ಆಫೀಸು ಬದಲಿಸುವಾಗ ವಿಂಗಡಿಸಿದವಳೂ ನಾನೇ. ಆಕ್ಸೆಲ್ ಹೇಗ್ ಎಂಬ ಕಲಾವಿದ ಬಿಡಿಸಿದ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್, ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿನ ಜಲವರ್ಣ ಚಿತ್ರ ನನ್ನ ತಲೆಯಲ್ಲಿ ಕೂತಿತ್ತು; ಚರಿತ್ರೆಯೆಂದರೆ ಅಂಥ ಚಂದದ ಹಾಳೆಗಳೇ ಎಂದುಕೊಂಡೆ. ಎಲಿವೇಶನ್‌ಗಳನ್ನು, ಅಂದರೆ ಕಟ್ಟಡದ ಹೊರಮುಖದ ಚಿತ್ರಗಳನ್ನಷ್ಟೇ ಸ್ಕ್ಯಾನ್ ಮಾಡಿಸಿದೆ. ಕಂಬ-ತೊಲೆಗಳೊಳಗಿನ ಕಬ್ಬಿಣದ ಸರಳಿನ ಲೆಕ್ಕವಿದ್ದ ಹಾಳೆಗಳು, ಸೈಟಿನಲ್ಲಿ ಕೆಂಪು ಪೆನ್ಸಿಲಿನಿಂದ ತಿದ್ದಿದ ಪ್ರಿಂಟುಗಳು, ಮೂರು ಟ್ರಂಕು, ರದ್ದಿಗೆ ಹೋದವು. ಟ್ರೇಸಿಂಗ್ ಬಟ್ಟೆಯ ಮೇಲಿನ ಮೂಲ ನಕ್ಷೆಗಳೂ ಅದರಲ್ಲೇ ಇದ್ದವು. ಅದು ಗಂಜಿ ಹಾಕಿದ ನಯವಾದ ಬಟ್ಟೆ. ತೊಳೆದರೆ ಶಾಯಿಯೂ ಹೋಗಿ ಕರವಸ್ತ್ರಕ್ಕಾಗುತ್ತದೆ. ಕಾಗದ ಹಳದಿಯಾಗಿ ಮುರಿದರೂ ಅದು ಉಳಿಯುತ್ತಿತ್ತು. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಅವರು ಆಗ ಆಸ್ಪತ್ರೆಯಲ್ಲಿದ್ದರು, ಇನ್ನೆರಡು ವಾರ ಕಾಯಬಹುದಿತ್ತು.

ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಕಡ್ಡಾಯ. ಪಾಲಿಕೆ ಕಾಯ್ದೆಯ 353-ಬಿ ಕಲಮು. ಅಜ್ಜನ ಕಾಲದ ಒಂದು ಸೊಸೈಟಿಯವರು ಬಂದು, "ಕಂಬದ ಡ್ರಾಯಿಂಗ್ ಕೊಡಿ, ರಿಪೇರಿ ಕೆಲಸ ನಿಮಗೇ" ಎಂದರು. ನನ್ನ ಬಳಿ ಬಾಲ್ಕನಿಯ ಚಂದದ ಚಿತ್ರವಿತ್ತು, ಅಷ್ಟೇ. ಪ್ಲಾಸ್ಟರ್ ಒಡೆದು, ಕಾಂಕ್ರೀಟನ್ನು ಕೊರೆದು ತುಂಡು (ಕೋರ್) ತೆಗೆದು ನೋಡಬೇಕಾಯಿತು. ಖರ್ಚು, ಗದ್ದಲ. ಬೇಸತ್ತ ಸೊಸೈಟಿ ಬಿಲ್ಡರನ ಕಡೆ ವಾಲಿತು, ಕಟ್ಟಡ ಕೆಡವಿದರು. ನಕ್ಷೆಯಿದ್ದರೆ ಉಳಿಯುತ್ತಿತ್ತು ಅಂತ ಆಣೆ ಮಾಡಲಾರೆ. ಆದರೆ ಅಪ್ಪ ಕೇಳಿದ್ದು ಕಟ್ಟಡದ ಬಗ್ಗೆ ಅಲ್ಲ: "ಎರಡನೇ ಮಹಡಿಯ ಹಾಳೆಯಲ್ಲಿ ನಾನು ಕಂಬ ಸರಿಸಿದ್ದೆ, ನಿನ್ನಜ್ಜ ಅದರ ಮೇಲೇ 'ಬೇಡ' ಅಂತ ಬರೆದಿದ್ದರು. ಅದೂ ಹೋಯ್ತಾ?"

ಹಾಗಾಗಿ "ಹೆಸರಾದ ಐದು ಕಟ್ಟಡ ಆರಿಸಿ ಬರೆಸುತ್ತೇನೆ" ಅನ್ನುವ ನಿಮ್ಮ ಯೋಚನೆಯೇ ನನಗೆ ಒಪ್ಪಿಗೆಯಿಲ್ಲ. ಆರ್ಕಿಟೆಕ್ಟ್ ಎಫ್. ಡಬ್ಲ್ಯು. ಸ್ಟೀವನ್ಸ್ 1878ರಲ್ಲಿ ಶುರುವಾದ ಗಾಥಿಕ್ ವಿ.ಟಿ. ಕಟ್ಟಿದರು, ಮಗ ಚಾರ್ಲ್ಸ್ 1933ರ ಆರ್ಟ್ ಡೆಕೊ ರೀಗಲ್ ಸಿನಿಮಾ. ಪಟ್ಟಿ ಇಷ್ಟೇ ಹೇಳುತ್ತದೆ. ಅಪ್ಪನ ಮೇಜಿನಿಂದ ಮಗ ಏನು ಕಲಿತ, ಏನನ್ನು ಬಿಟ್ಟ ಎಂಬುದು ಪಟ್ಟಿಯಲ್ಲಿಲ್ಲ.

ನಿಮ್ಮ ತಂದೆ ಇದ್ದಾರೆ. ಈ ಭಾನುವಾರವೇ ಒಂದು ಸುರುಳಿಯನ್ನು ಅವರ ಮುಂದೆ ಬಿಚ್ಚಿರಿ. ಸುರುಳಿ ಬಿರುಸಾಗಿದ್ದರೆ ಎಳೆಯಬೇಡಿ. ಹಾಳೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಫೋನಿನ ರೆಕಾರ್ಡರ್ ಹಚ್ಚಿಟ್ಟು, ಈ ಕೆಂಪು ಗೆರೆ ಯಾರದು ಅಂತ ಕೇಳಿ.