ಡಿಸಿಎಸ್ ಅನ್ನೋ ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ ಹಾರಿಸುವಾಗ ಜಿಪಿಎಸ್ ಇಲ್ಲದೆ ದಾರಿ ತಪ್ಪುತ್ತಿದೆ. ಆಟದ ಕಾಕಸಸ್ ಮ್ಯಾಪಿನ (ಕಪ್ಪು ಸಮುದ್ರದ ಪಕ್ಕದ ಪ್ರದೇಶ) ಗುರುತುಗಳನ್ನೆಲ್ಲ ಬಾಯಿಪಾಠ ಮಾಡಬೇಕಾ?

ಬೇಡ. ಬಾಯಿಪಾಠ ಮಾಡಿಯೇ ನಾನು ಕೆಟ್ಟಿದ್ದು.

ಚಿಂತಾಮಣಿಯಲ್ಲಿ ಓದುತ್ತಿದ್ದಾಗ ನಾವು ನಾಲ್ಕು ಜನ ರಾತ್ರಿ ಹೊತ್ತು ಆನ್‌ಲೈನ್ ಹಾರುತ್ತಿದ್ದೆವು. ಆ ಸರ್ವರ್‌ನಲ್ಲಿ ಎಫ್10 ಕೀ ಒತ್ತಿದರೆ ಮ್ಯಾಪ್ ಬರುತ್ತಿತ್ತು, ಆದರೆ ಅದರಲ್ಲಿ ನಮ್ಮ ವಿಮಾನ ಕಾಣುತ್ತಿರಲಿಲ್ಲ. ಊರು, ನದಿ, ಸೇತುವೆ ಎಲ್ಲ ನನಗೆ ಬಾಯಲ್ಲೇ ಇದೆ ಅಂತ ನನ್ನನ್ನೇ ಲೀಡರ್ ಮಾಡಿದ್ದರು.

ಅವತ್ತಿನ ಕೆಲಸ ಸುಲಭದ್ದು. ಕೋಬುಲೇತಿ ಅನ್ನೋ ಊರಿಂದ ಮೇಲೆದ್ದು ಕಪ್ಪು ಸಮುದ್ರದ ದಡ ಹಿಡಿದು ಉತ್ತರಕ್ಕೆ ಹೋಗಬೇಕು. ಪೋತಿ ಹತ್ತಿರ ರಿಯೋನಿ ನದಿ ಸಮುದ್ರ ಸೇರುತ್ತದೆ. ಅಲ್ಲಿ ಬಲಕ್ಕೆ ತಿರುಗಿ ನದಿಯ ಗುಂಟ ಹೋದರೆ ಎಡಗಡೆ ಸೆನಾಕಿ ವಾಯುನೆಲೆ. ದಾರಿಯಲ್ಲಿ ಒಬ್ಬ "ಹಿಂದೆ ಯಾರೋ ಇದ್ದಾರೆ" ಅಂತ ಕೂಗಿದ. ಎಲ್ಲರೂ ಕತ್ತು ತಿರುಗಿಸಿ ನೋಡಿದ್ದೇ ನೋಡಿದ್ದು. ಯಾರೂ ಇರಲಿಲ್ಲ. ಮುಂದೆ ನೋಡಿದರೆ ಮಬ್ಬಿನಲ್ಲಿ ಒಂದು ನದಿ. "ರಿಯೋನಿ ಬಂತು, ಬಲಕ್ಕೆ" ಅಂದೆ.

ಅದು ಇಂಗುರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಎರಡು ನದಿಯೂ ಅದೇ ಸಮುದ್ರಕ್ಕೆ, ಅಂಥದ್ದೇ ಬಯಲಿನಲ್ಲಿ ಹರಿದು ಬರುತ್ತವೆ. ಆದರೆ ರಿಯೋನಿ ಪಕ್ಕದಲ್ಲಿ ಪೋತಿ ಬಂದರು ಇರಬೇಕು, ಅದರ ದಕ್ಷಿಣಕ್ಕೆ ಪಾಲಿಯಾಸ್ತೋಮಿ ಅನ್ನೋ ದೊಡ್ಡ ಸರೋವರ ಇರಬೇಕು. ಎರಡೂ ಕಾಣಲಿಲ್ಲ. ಮಬ್ಬಿನಲ್ಲಿ ಮುಚ್ಚಿಹೋಗಿರಬೇಕು ಅಂದುಕೊಂಡೆ. ರಿಯೋನಿ ಹಿಡಿದರೆ ವಿಮಾನದ ಮೂತಿ ಪೂರ್ವಕ್ಕಿರಬೇಕು, ನನ್ನದು ಈಶಾನ್ಯಕ್ಕಿತ್ತು. ದಿಕ್ಕು ತೋರಿಸುವ ಗೈರೋ ಮೀಟರ್ ಸರಿದಿರಬೇಕು ಅಂದುಕೊಂಡೆ. ಸ್ಪಿಟ್‌ಫೈರ್‌ನ ಗೈರೋ ಸರಿಯೋದು ನಿಜವೇ, ಆಗಾಗ ಪೈಲಟ್‌ನ ಎರಡು ಕಾಲುಗಳ ಮಧ್ಯೆ ಇರುವ ಕಂಪಾಸಿಗೆ ಹೊಂದಿಸಬೇಕು. ಅದೇ ನನಗೆ ಒಳ್ಳೆ ನೆಪವಾಯಿತು. ಕಂಪಾಸ್ ಕಡೆ ಬಗ್ಗಿ ನೋಡಿದ್ದರೆ ನೆಪ ಅಲ್ಲೇ ಮುಗಿಯುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ, ಗಡಿಯಾರ. ಗಂಟೆಗೆ 240 ಮೈಲಿ ಅಂದರೆ ನಿಮಿಷಕ್ಕೆ 4 ಮೈಲಿ. ಕೋಬುಲೇತಿಯಿಂದ ಪೋತಿ ಸುಮಾರು 23 ಮೈಲಿ, ಆರು ನಿಮಿಷದ ಒಳಗಿನ ದಾರಿ. ಇಂಗುರಿ ಸೇರುವ ಜಾಗಕ್ಕೆ ಹತ್ತು ನಿಮಿಷ ಬೇಕು. ಗಡಿಯಾರ ಕಣ್ಣೆದುರೇ ಇತ್ತು. ಎಷ್ಟು ಹೊತ್ತಿಗೆ ಎದ್ದೆವು ಅಂತ ಬರೆದುಕೊಂಡಿರಲೇ ಇಲ್ಲ!

ಕಣಿವೆ ಕಿರಿದಾಯಿತು, ಮೇಲೆ ಮೋಡ. ಇಬ್ಬರು ಬೆಟ್ಟಕ್ಕೆ ಬಡಿದರು. ಒಬ್ಬ ಮೋಡದೊಳಗೆ ಹೋದವನು ಏನಾದನೋ. ನಾನು ಹೇಗೋ ವಾಪಸ್ ಬಂದೆ. ಆಮೇಲೆ ತಿಂದ ಬೈಗುಳಕ್ಕೆ ನಾನೂ ಬಡಿದುಕೊಂಡಿದ್ದರೆ ಚೆನ್ನಾಗಿತ್ತು.

ಗುರುತು ಜಾಸ್ತಿ ಗೊತ್ತಿದ್ದಷ್ಟೂ, ಕಂಡದ್ದಕ್ಕೆ ಬೇಗ ಹೆಸರಿಟ್ಟುಬಿಡುತ್ತೀರಿ. ನೆಲ ನೋಡಿ ಮ್ಯಾಪಿನಲ್ಲಿ ಹುಡುಕಬೇಡಿ. ಮೊದಲು ಗಡಿಯಾರ, ಆಮೇಲೆ ಮ್ಯಾಪ್, ಆಮೇಲೆ ಕಿಟಕಿ. ಈಗ ಏನು ಕಾಣಬೇಕು ಅಂತ ಬಾಯಿಬಿಟ್ಟು ಹೇಳಿ, ಅದನ್ನೇ ಹುಡುಕಿ. ಊರುಗಳನ್ನು ನಂಬಬೇಡಿ, ಮೇಲಿಂದ ಎಲ್ಲ ಒಂದೇ. ದಡ, ನದಿ, ರೈಲು ಹಳಿ ನಂಬಿ, ಅದೂ ಪಕ್ಕದಲ್ಲಿ ಇನ್ನೊಂದು ಸಾಕ್ಷಿ ಇದ್ದರೆ ಮಾತ್ರ.

ನಮ್ಮ ಕಡೆ ದಾರಿ ಕೇಳಿದರೆ ಏನಂತಾರೆ? "ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗಿ, ರೈಲ್ವೆ ಗೇಟ್ ಸಿಕ್ತು ಅಂದ್ರೆ ಮುಂದೆ ಬಂದುಬಿಟ್ರಿ ಅಂತ." ಹಾರುವಾಗಲೂ ಆ ಗೇಟ್ ಯಾವುದು ಅಂತ ಮೇಲೇಳುವ ಮೊದಲೇ ಗೊತ್ತಿರಬೇಕು. ನನ್ನ ಲೆಕ್ಕದಲ್ಲಿ ಅರಳಿಕಟ್ಟೆಗಿಂತ ಅದೇ ಮುಖ್ಯ.

ವಿಮಾನ ಎಲ್ಲಿದೆ ಅಂತ ಮ್ಯಾಪಿನಲ್ಲೇ ತೋರಿಸುವ ಸರ್ವರ್‌ನಲ್ಲಿ ಮೊದಲು ಕಲಿಯಿರಿ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಕಣ್ಣು ಮ್ಯಾಪಿಗೆ ಅಂಟಿಕೊಳ್ಳುತ್ತದೆ, ಹಿಂದಿನಿಂದ ಬಂದವನು ಹೊಡೆದು ಹೋಗುತ್ತಾನೆ. ಅದರ ಬದಲು ಸುಮ್ನೆ ಒಬ್ಬರೇ ಕೋಬುಲೇತಿಯಿಂದ ಪೋತಿಗೆ ಹಾರಿ. ಎದ್ದ ಸಮಯ ಚೀಟಿಯಲ್ಲಿ ಬರೆಯಿರಿ. 240ರಲ್ಲಿ ಹೋಗುತ್ತಾ ಆರು ನಿಮಿಷ ಕಳೆದರೂ ಬಲಗಡೆ ಸರೋವರ ಬರಲಿಲ್ಲವಾ? ಮುಂದೆ ಹೋಗಬೇಡಿ, ದಡ ಹಿಡಿದು ಹಿಂದಕ್ಕೆ ಬನ್ನಿ.