ಮೇಡಂ, ಹತ್ತನೇ ಕ್ಲಾಸಿನ ಲೆಕ್ಕ ನೀವೇ ತಗೊಳ್ಳಿ

ಕಲ್ಯಾಣ ಕರ್ನಾಟಕದ ಒಂದು ಹಳ್ಳಿ ಹೈಸ್ಕೂಲಿನಿಂದ ಪ್ರಭಾರ ಹೆಡ್‌ಮಿಸ್ಟ್ರೆಸ್ ಒಬ್ಬರು ಬರೆದಿದ್ದಾರೆ. ಸ್ವಂತ ಊರು ಹಾಸನದ ಕಡೆ, ಕೆಲಸ ಸಿಕ್ಕಿದ್ದು ಅಲ್ಲಿ, ಹತ್ತು ವರ್ಷದ ಮೇಲಾಯ್ತು. 2023ರಲ್ಲಿ ಹಿಂದಿನ ಹೆಡ್‌ಮಾಸ್ಟರು ರಿಟೈರ್ ಆದಾಗ ಸೀನಿಯರ್ ಇದ್ದ ಇಬ್ಬರೂ ನಮ್ಮ ಕೈಲಾಗಲ್ಲ ಅಂತ ಬರೆದುಕೊಟ್ಟು ಸುಮ್ಮನಾದ್ರು, ಚಾರ್ಜ್ ಇವರ ತಲೆಗೆ ಬಂತು. ಅಲ್ಲಿವರೆಗೆ ಮೂರು ವರ್ಷ ಸತತ ನೂರಕ್ಕೆ ನೂರು ಬರ್ತಿದ್ದ ಎಸ್ಸೆಸ್ಸೆಲ್ಸಿ ರಿಸಲ್ಟು ಇವರು ಬಂದ ವರ್ಷವೇ 58ಕ್ಕೆ ಇಳೀತು, ಆಮೇಲೆ 61. ಮೀಟಿಂಗಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿ ಕಾರಣ ಕೇಳ್ತಾರೆ, ನೋಟಿಸು ಬಂದಿದೆ, ಈ ಸಲ 90 ಆಗ್ಲೇಬೇಕು ಅಂತ ಬರೆಸಿಕೊಂಡಿದ್ದಾರೆ, ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಊರಿನ ಮರ್ಯಾದೆ ಅಂತಾರೆ, ರಾತ್ರಿ ಹನ್ನೊಂದಕ್ಕೂ ವಾಟ್ಸಾಪ್ ಗ್ರೂಪಲ್ಲಿ ಮಾಹಿತಿ ಕೇಳ್ತಾರೆ, ಬಿಪಿ ಮಾತ್ರೆ ಶುರುವಾಗಿದೆ. ಮನೆಯವರು ಆ ಚಾರ್ಜ್ ಬಿಸಾಕಿ ಬಾ ಅಂತಿದ್ದಾರೆ. ಕೊನೇಲಿ ಕೇಳಿರೋದು ಒಂದೇ ಮಾತು: 'ಬಿಟ್ರೆ ಸೋತಳು ಅಂತಾರೆ, ಇಟ್ಕೊಂಡ್ರೆ ಆರೋಗ್ಯ ಉಳಿಯಲ್ಲ. ಏನು ಮಾಡ್ಲಿ?'

ಮೇಡಂ, ಬಿಡಬೇಕಾ ಇಟ್ಕೋಬೇಕಾ ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಮಕ್ಕಳಿಗೆ ಕೊಡೋ ಮೊಟ್ಟೆ ಬಿಲ್ಲು ಮತ್ತೆ ಮಕ್ಕಳ ವಿವರ ಆನ್‌ಲೈನಲ್ಲಿ ತುಂಬೋ ಸ್ಯಾಟ್ಸ್ ಎಂಟ್ರಿ ವಿಷಯದ ನಡುವೆ, ಒಂದು ಸಾಲು ಬರೆದು ಹಾಗೇ ದಾಟಿ ಹೋಗಿದ್ದೀರಿ. 'ಮೊದಲು ಹತ್ತನೇ ಕ್ಲಾಸಿನ ಲೆಕ್ಕ ನಾನೇ ತಗೋತಿದ್ದೆ, ಈಗ ಪುರುಸೊತ್ತಿಲ್ಲ, ಗೆಸ್ಟ್ ಟೀಚರಿಗೆ ಕೊಟ್ಟಿದ್ದೀನಿ.' ನಾಲ್ಕು ಪುಟದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಇದೇ. ಆ ಶಾಲೇಲಿ ಲೆಕ್ಕ ಪಾಠ ಮಾಡೋದ್ರಲ್ಲಿ ನಿಮ್ಮನ್ನ ಬಿಟ್ರೆ ಇನ್ನೊಬ್ಬರಿಲ್ಲ, ರಿಸಲ್ಟು ಬೀಳ್ತಿರೋದೂ ಹೆಚ್ಚಾಗಿ ಲೆಕ್ಕದಲ್ಲೇ ಅಂತ ನೀವೇ ಹಿಂದಿನ ಪುಟದಲ್ಲಿ ಬರೆದಿದ್ದೀರಿ, ಹಾಗಿದ್ದೂ ರಿಸಲ್ಟಿನ ಚಿಂತೇಲಿ ಲೆಕ್ಕ ಹೇಳೋದನ್ನೇ ಬಿಟ್ಟಿದ್ದೀರಿ. ಎರಡು ಸಾಲನ್ನ ಅಕ್ಕಪಕ್ಕ ಇಟ್ಕೊಂಡು ಒಂದ್ಸಲ ಓದ್ಕೊಳ್ಳಿ. ಅಧಿಕಾರ ಬಂದವರು ಕಸುಬು ಬಿಡಬಾರದು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೀನಿ, ಬ್ಯಾಂಕ್ ಮ್ಯಾನೇಜರ್ ಆದವರಿಗೂ ಅದೇ ಹೇಳಿದ್ದೆ, ಡೈರಿ ಅಧ್ಯಕ್ಷರಾದವರಿಗೂ ಅದೇ ಹೇಳಿದ್ದೆ.

ಆ ಹಳೇ ನೂರಕ್ಕೆ ನೂರಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದು ನಿಮ್ಮ ಎದೆ ಮೇಲೆ ಕೂತಿದೆ. ರಿಟೈರ್ ಆದ ಹೆಡ್‌ಮಾಸ್ಟರು ಆಗಸ್ಟ್ ಹದಿನೈದಕ್ಕೂ ಬರ್ತಾರೆ, ವಾರ್ಷಿಕೋತ್ಸವಕ್ಕೂ ಬರ್ತಾರೆ, ಮೈಕ್ ಕೈಗೆ ಸಿಕ್ಕ ಕೂಡಲೇ 'ನನ್ನ ಕಾಲದಲ್ಲಿ ನೂರಕ್ಕೆ ನೂರಿತ್ತು' ಅಂತ ಶುರು ಮಾಡ್ತಾರೆ ಅಂತ ಬರೆದಿದ್ದೀರಿ, ಬರೆದು 'ಪಾಪ, ಒಳ್ಳೆಯವರು' ಅಂತಲೂ ಸೇರಿಸಿದ್ದೀರಿ. ನನಗೆ ಅವರ ಮೇಲೆ ನಿಮ್ಮ ಮೇಲಧಿಕಾರಿಗಳಿಗಿಂತ ಜಾಸ್ತಿ ಸಿಟ್ಟಿದೆ. ಆ ಮೂರು ವರ್ಷ ಯಾವುವು ನೋಡಿ. 2021 ಕೊರೊನಾ ವರ್ಷ, ಎರಡೇ ದಿನ ಪರೀಕ್ಷೆ, ಬರೀ ಬಹು ಆಯ್ಕೆ ಪ್ರಶ್ನೆ, ಇಡೀ ರಾಜ್ಯದ ಫಲಿತಾಂಶವೇ ಶೇ 99.9. ಆ ವರ್ಷ ನೂರು ತೆಗೆಯದ ಶಾಲೆ ಹುಡುಕಿದ್ರೂ ಸಿಗಲ್ಲ. 2022ರಲ್ಲಿ ರಾಜ್ಯ 85.63, 2023ರಲ್ಲಿ 83.89. ನೀವು ಎದುರಿಸಿದ ಮೊದಲ ಪರೀಕ್ಷೆ 2024ರದ್ದು, ಆ ವರ್ಷವೇ ಪ್ರತಿ ರೂಮಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಮಾರ್ಕ್ಸ್ ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ 73.40ಕ್ಕೆ ನಿಂತಿತು, ಯಾದಗಿರಿ ಜಿಲ್ಲೆ 50.59, ಮರುವರ್ಷ ಕಲಬುರಗಿ 42.43 ತೆಗೆದು ಕೊನೇ ಸ್ಥಾನಕ್ಕೆ ಬಂತು. ನಿಮ್ಮ ಸರ್ ಕಾಲದಲ್ಲಿ ಮೋಸ ಆಯ್ತು ಅಂತ ನಾನು ಹೇಳ್ತಿಲ್ಲ, ನನಗೆ ಗೊತ್ತಿಲ್ಲದ್ದನ್ನ ಹೇಳಲ್ಲ. ಆದ್ರೆ ಆ ಪರೀಕ್ಷೆ ಬೇರೆ, ಈ ಪರೀಕ್ಷೆ ಬೇರೆ, ಮತ್ತೆ ಇದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ತಮ್ಮ ಜಾಗದಲ್ಲಿ ಕೂತಿರೋ ಹೆಣ್ಣುಮಗಳ ಮುಂದೆ, ಅವರ ಮಕ್ಕಳ ಮುಂದೆ, ಊರಿನವರ ಮುಂದೆ ಆ ಮಾತು ಆಡೋದು ಸಣ್ಣತನ. ಕ್ಯಾಮೆರಾ ಮುಂದೆ ಕೂತು ಮಕ್ಕಳು ಸ್ವಂತ ಕೈಯಲ್ಲಿ ಬರೆದ 58 ಅದು, ಜಿಲ್ಲೆಗಳು ಎಲ್ಲಿ ನಿಂತ್ವು ಅಂತ ಈಗ ನೋಡಿದ್ರಲ್ಲ, ಅದಕ್ಕೆ ನಾಚಿಕೆ ಪಡೋಕೆ ಏನೂ ಇಲ್ಲ.

ಮೀಟಿಂಗಲ್ಲಿ ಉಡುಪಿ ನೋಡಿ ಕಲೀರಿ ಅಂತಾರಂತೆ. ಉಡುಪಿ 2024ರಲ್ಲಿ 94 ತೆಗೆದು ರಾಜ್ಯಕ್ಕೇ ಮೊದಲು ಬಂತು, ಸಂತೋಷ. ಆದ್ರೆ ನವೆಂಬರಿಂದ ಜನವರಿ ತನಕ ಹತ್ತಿ ಬಿಡಿಸೋಕೆ ಅಂತ ಅರ್ಧ ಬೆಂಚು ಖಾಲಿಯಾಗೋ ಶಾಲೆ, ದಸರಾ ಮುಗಿದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೋ ಮುಂಬೈಗೋ ಗುಳೆ ಹೊರಟು ಮಗು ಅಜ್ಜಿ ಹತ್ರ ಉಳಿಯೋ ಮನೆ, ಇವನ್ನ ಕಾಣದವರು ಕೊಡೋ ಹೋಲಿಕೆ ಅದು. ನೀವು ವಾದ ಮಾಡೋಕೆ ಹೋಗಬೇಡಿ. ತಲೆ ಅಲ್ಲಾಡಿಸಿ ಬನ್ನಿ.

ಹತ್ತಿ ಅಂದಾಗ ನೆನಪಾಯ್ತು, ಇದೊಂದರಲ್ಲಿ ನಿಮ್ಮ ಮೇಲೂ ನನಗೆ ಬೇಜಾರಿದೆ. ಹಾಜರಾತಿ ಕಡಿಮೆ ಇರೋ ನಾಲ್ಕು ಹೆಣ್ಣುಮಕ್ಕಳನ್ನ ಶೇ 75ರ ನಿಯಮ ತೋರಿಸಿ ಪರೀಕ್ಷೆಗೆ ಕೂರಿಸದೇ ಇದ್ರೆ ಪರ್ಸೆಂಟೇಜ್ ತಾನಾಗೇ ಏರುತ್ತೆ ಅಂತ ಸಹೋದ್ಯೋಗಿ ಹೇಳಿದ್ರು, 'ಇನ್ನೂ ತೀರ್ಮಾನ ಮಾಡಿಲ್ಲ' ಅಂತ ಬರೆದಿದ್ದೀರಿ. ಅದರಲ್ಲಿ ತೀರ್ಮಾನ ಮಾಡೋಕೆ ಏನಿದೆ ಮೇಡಂ? ಇವತ್ತಿಂದ ಬಂದ್ರೂ ಅವರ ಹಾಜರಾತಿ 75 ದಾಟುತ್ತೆ ಅಂತ ಲೆಕ್ಕ ಹಾಕಿದವರು ನೀವೇ. ಹೊಲಕ್ಕೆ ಹೋಗಿ ಕರ್ಕೊಂಡು ಬನ್ನಿ. ಅಮ್ಮಂದಿರ ಹತ್ರ ಕೂತು ಮಾತಾಡಿ, ಹೆಡ್ ಮೇಡಮ್ಮೇ ಹೊಲದ ಬದುವಿಗೆ ಬಂದ್ರೆ ಆ ಭಾಗದಲ್ಲಿ ಇಲ್ಲ ಅನ್ನೋರು ಕಡಿಮೆ. ಹತ್ತನೇ ಕ್ಲಾಸಿಗೆ ಕೂರದೇ ಹೋದ ಹುಡುಗಿಗೆ ಮುಂದಿನ ವರ್ಷ ಶಾಲೆ ಇರಲ್ಲ, ಮದುವೆ ಇರುತ್ತೆ, ಇದು ನಿಮಗೆ ನಾನು ಹೇಳಬೇಕಾ? ಮೇಲಾಗಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದರಲ್ಲಿ ಹೋದ್ರೆ ಎರಡನೇದು, ಜಾಸ್ತಿ ಬಂದ ಅಂಕ ಉಳಿಯುತ್ತೆ. ಮಾರ್ಚಿನ ಪರ್ಸೆಂಟೇಜ್ ನಿಮ್ಮ ಮೇಲಿನವರ ತಲೆನೋವು. ಜುಲೈ ಒಳಗೆ ಎಷ್ಟು ಮಕ್ಕಳ ಕೈಗೆ ಮಾರ್ಕ್ಸ್ ಕಾರ್ಡ್ ಬಂತು ಅನ್ನೋದು ನಿಮ್ಮ ಕೆಲಸ.

ಬಿಪಿಗೆ ಡಾಕ್ಟರು ಹೇಳಿದ ಮಾತ್ರೆ ತಪ್ಪಿಸಬೇಡಿ, ತಿಂಗಳಿಗೊಮ್ಮೆ ತೋರಿಸ್ಕೊಳ್ಳಿ. ನಿಮ್ಮ ಮನೆಯವರ ಕಾಳಜಿ ನಿಜವಾದದ್ದೇ, ಆದ್ರೆ ಚಾರ್ಜ್ ಬಿಡೋ ಮಾತು ಮೇ ತಿಂಗಳ ತನಕ ಬೇಡ ಅಂತ ಹೇಳಿಬಿಡಿ, ಅಷ್ಟು ಸಾಕು.

ಈಗ ಮಾಡಬೇಕಾದ್ದು ಒಂದೇ. ಸೋಮವಾರದಿಂದ ಹತ್ತನೇ ಕ್ಲಾಸಿನ ಮೊದಲ ಪೀರಿಯಡ್ ಲೆಕ್ಕ, ತಗೊಳ್ಳೋದು ನೀವು. ಟೈಂಟೇಬಲ್ ಬದಲಾಯಿಸಿ ಸ್ಟಾಫ್ ರೂಮಲ್ಲಿ ಅಂಟಿಸಿ. ಪ್ರಾರ್ಥನೆ ಮುಗಿದ ಕೂಡಲೇ ಫೋನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ ಚಾಕ್‌ಪೀಸ್ ತಗೊಂಡು ಹೋಗಿ. ಗ್ರೂಪಲ್ಲಿ ಯಾರು ಏನು ಕೇಳಿದ್ರೂ ಆ ಮುಕ್ಕಾಲು ಗಂಟೆ ಕಾಯ್ತಾರೆ, ಮೊಟ್ಟೆ ಲೆಕ್ಕ ಹನ್ನೊಂದಕ್ಕೆ ಕಳಿಸಿದ್ರೂ ಯಾರೂ ಸಸ್ಪೆಂಡ್ ಮಾಡಲ್ಲ. ಮೀಟಿಂಗ್ ಇದ್ದ ದಿನವೂ ಪಾಠ ಮುಗಿಸಿಯೇ ಬಸ್ ಹತ್ತಿ, ತಡ ಯಾಕೆ ಅಂತ ಕೇಳಿದ್ರೆ ಹತ್ತನೇ ಕ್ಲಾಸಿಗೆ ಲೆಕ್ಕ ಹೇಳ್ತಿದ್ದೆ ಸರ್ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ. ಪಾಸಾಗೋಕೆ ಬೇಕಾದಷ್ಟು ಪಾಠ ಆರಿಸಿಟ್ಟ ಆ ಪಾಸಿಂಗ್ ಪ್ಯಾಕೇಜ್ ಜೆರಾಕ್ಸ್ ಹಂಚಿದ್ರೆ ಸಾಲಲ್ಲ, ಬೋರ್ಡ್ ಹತ್ರ ಒಬ್ಬೊಬ್ಬರನ್ನೇ ನಿಲ್ಲಿಸಿ ನಕ್ಷೆ ಬಿಡಿಸಿ, ಎಕ್ಸ್ ಅಕ್ಷ ಎಳೆಯೋಕೆ ಕೈ ನಡುಗೋ ಹುಡುಗನ ಪಕ್ಕ ನಿಂತು ಸ್ಕೇಲ್ ಹಿಡ್ಕೊಳ್ಳಿ, ಥೇಲ್ಸ್ ಪ್ರಮೇಯ ಚಿತ್ರ ಸಮೇತ ಬರೆಯೋ ತನಕ ಬಿಡಬೇಡಿ, ಸರಾಸರಿ ಮಧ್ಯಾಂಕ ಬಹುಲಕ ಮೂರನ್ನೂ ಪಟ್ಟಿ ಹಾಕಿ ಮಾಡಿಸಿ. ಇದನ್ನೆಲ್ಲ ನೀವು ವರ್ಷಗಟ್ಟಲೆ ಮಾಡಿದವರು. ಎದೆ ಬಡಿತ ಜಾಸ್ತಿ ಆಗೋದು ಆಫೀಸ್ ರೂಮಲ್ಲಿ ಕೂತಾಗ ಅಂತ ಬರೆದಿದ್ದೀರಿ, ಕ್ಲಾಸ್ ರೂಮಲ್ಲಿ ಹಾಗೆ ಆಯ್ತು ಅಂತ ಎಲ್ಲೂ ಬರೆದಿಲ್ಲ.

ಗೆಸ್ಟ್ ಟೀಚರನ್ನ ಮಾತ್ರ ನೋಯಿಸಬೇಡಿ. ತಿಂಗಳುಗಟ್ಟಲೆ ಗೌರವಧನ ಬಾರದಿದ್ರೂ ದಿನಾ ಬರೋ ಹುಡುಗ ಅವನು, ರಿಸಲ್ಟು ಕಮ್ಮಿ ಬಂದಿದ್ದಕ್ಕೆ ಅವನಿಂದ ಕ್ಲಾಸ್ ಕಿತ್ಕೊಂಡ್ರು ಅನ್ನಿಸಬಾರದು. ಎಂಟು ಒಂಬತ್ತಕ್ಕೆ ಲೆಕ್ಕ ಪೂರ್ತಿ ಅವನಿಗೇ ಕೊಡಿ, ಮೊದಲ ವಾರ ನಿಮ್ಮ ಹತ್ತನೇ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡು ಅಂತ ಹೇಳಿ. ಪೂರ್ವ ಸಿದ್ಧತಾ ಪರೀಕ್ಷೆ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಬರೀರಿ, ಆ ನಾಲ್ಕು ಹುಡುಗಿಯರಿಗೆ ಲೆಕ್ಕದಲ್ಲಿ ಎಷ್ಟೆಷ್ಟು ಬಂತು ಅಂತ ಅದರಲ್ಲಿ ಇರ್ಲಿ.